ಮುಂಬೈ ಹೈ ಕಡಲಲ್ಲಿ ಹೊಸ ಬಾವಿ: ಅನುಮತಿ ಕೊಡುವವರು ಯಾರು, ಹಾನಿಯನ್ನು ಅಳೆಯುವುದು ಹೇಗೆ?

ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಕಡಲ ತಳದಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು. ಕೊರೆದದ್ದು 'ಸಾಗರ್ ಸಮ್ರಾಟ್' ಎಂಬ ರಿಗ್. 1976ರಿಂದ ಉತ್ಪಾದನೆ ಶುರುವಾಯಿತು. ಆಮೇಲೆ ದಶಕಗಳ ಕಾಲ 'ಬಾಂಬೆ ಹೈ' ಎಂಬುದು ನಮಗೆಲ್ಲ ಒಂದು ಹೆಸರು ಮಾತ್ರ. ಆ ಎಣ್ಣೆ, ಅನಿಲ ದಡ ಸೇರುವ ಉರಣ್‌ನಲ್ಲಿ ಕೆಲಸಕ್ಕಿದ್ದ ಬಂಧುಗಳು ಯಾರಾದರೂ ಇದ್ದರೆ ಅವರ ಬಾಯಲ್ಲಿ ಕೇಳಿದ್ದಷ್ಟೆ.

ಈಗ ಅದು ಮತ್ತೆ ಸುದ್ದಿಯಲ್ಲಿದೆ. ಹಳೆಯದಾದ ಈ ಕ್ಷೇತ್ರದ ಇಳುವರಿ ಹೆಚ್ಚಿಸಲು ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ 2025ರ ಆರಂಭದಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸಹಾಯಕ್ಕೆ ಆರಿಸಿಕೊಂಡಿತು. ಅದೇ ವರ್ಷ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿಯವರು ಆಳಸಮುದ್ರ ಅನ್ವೇಷಣೆಯ ರಾಷ್ಟ್ರೀಯ ಮಿಷನ್ ಘೋಷಿಸಿದರು. ಅದಕ್ಕೂ ಮೊದಲು, ರಕ್ಷಣೆ ಮತ್ತಿತರ ಕಾರಣಗಳಿಗೆ ಮುಚ್ಚಿಟ್ಟಿದ್ದ ಸುಮಾರು 10 ಲಕ್ಷ ಚದರ ಕಿಲೋಮೀಟರ್ ಕಡಲು ಅನ್ವೇಷಣೆಗೆ ತೆರೆದುಕೊಂಡಿತ್ತು. ಕರಾವಳಿಯಿಂದ ಬಂದು ಈ ಕಡಲನ್ನೇ ನೆಚ್ಚಿಕೊಂಡ ಮೊಗವೀರ ಕುಟುಂಬಗಳಿಗೆ, ಸಸೂನ್ ಡಾಕ್‌ನಲ್ಲಿ ಮೀನು ಎತ್ತುವ ನಮ್ಮ ಹೋಟೆಲುಗಳವರಿಗೆ, ರಿಗ್‌ಗಳಲ್ಲಿ ಪಾಳಿ ಮಾಡುವ ಕನ್ನಡಿಗರಿಗೆ ಇದು ದೂರದ ಮಾತಲ್ಲ.

ಕಡಲಿಗೆ ಬೇಲಿಯಿಲ್ಲ, ಪಕ್ಕದ ಮನೆಯವರಿಲ್ಲ. ಆದ್ದರಿಂದ ಅಲ್ಲಿ ಏನಾಯಿತು ಎಂಬುದು ಬಹುಪಾಲು ಕಾಗದದ ಮೇಲಿನ ಅಳತೆಯಿಂದಲೇ ಗೊತ್ತಾಗಬೇಕು. ಆ ಕಾಗದ ಹೇಗೆ ಹುಟ್ಟುತ್ತದೆ, ಅದರಲ್ಲಿ ಯಾವ ಸಾಲನ್ನು ಮೊದಲು ಓದಬೇಕು ಎಂಬುದೇ ಇಲ್ಲಿನ ವಿಷಯ.

ದಡದಿಂದ ಎಷ್ಟು ದೂರ, ಅಧಿಕಾರ ಯಾರಿಗೆ?

ಕಡಲಲ್ಲಿ ದೂರ ಅಳೆಯುವುದು ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲು ಎಂದರೆ 1.852 ಕಿಲೋಮೀಟರ್. 1976ರ ಕಡಲ ವಲಯಗಳ ಕಾಯ್ದೆಯ ಪ್ರಕಾರ ದಡದಿಂದ 12 ಮೈಲಿನವರೆಗೆ, ಅಂದರೆ ಸುಮಾರು 22 ಕಿಲೋಮೀಟರ್, ಪ್ರಾದೇಶಿಕ ಜಲವಲಯ. ಅದು ಹೆಚ್ಚುಕಡಿಮೆ ನೆಲವಿದ್ದ ಹಾಗೆಯೇ. 200 ಮೈಲಿನವರೆಗಿನದು, ಅಂದರೆ ಸುಮಾರು 370 ಕಿಲೋಮೀಟರ್, ವಿಶೇಷ ಆರ್ಥಿಕ ವಲಯ. ಅಲ್ಲಿ ಎಲ್ಲ ದೇಶಗಳ ಹಡಗುಗಳೂ ಓಡಾಡಬಹುದು, ಆದರೆ ಮೀನು, ಎಣ್ಣೆ, ಗಾಳಿಯ ಮೇಲಿನ ಹಕ್ಕು ಭಾರತದ್ದು.

ಮುಂಬೈ ಹೈ ಇರುವುದು ಈ ಎರಡನೆಯ ವಲಯದಲ್ಲಿ. ಹಾಗಾಗಿ ಅಲ್ಲಿ ಬಾವಿ ಕೊರೆಯಲು ಮಹಾರಾಷ್ಟ್ರ ಸರ್ಕಾರದ ಒಪ್ಪಿಗೆ ಬೇಕಿಲ್ಲ. ರಾಜ್ಯದ ಮೀನುಗಾರಿಕೆ ಕಾಯ್ದೆ ಕೂಡ 12 ಮೈಲಿಗೇ ನಿಲ್ಲುತ್ತದೆ. ಆದರೆ ಎಣ್ಣೆ, ಅನಿಲ ದಡಕ್ಕೆ ಬರಲೇಬೇಕಲ್ಲ. ಪೈಪು ಉರಣ್ ಕಡೆಗೆ ತಿರುಗಿ 12 ಮೈಲಿನ ಒಳಗೆ ಬಂತೆಂದರೆ ಸಿಆರ್‌ಝಡ್ ಎಂದು ನಾವೆಲ್ಲ ಕರೆಯುವ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ತಗಲುತ್ತದೆ, ರಾಜ್ಯದ ಕರಾವಳಿ ಪ್ರಾಧಿಕಾರ ಕಡತ ನೋಡುತ್ತದೆ. ಬಾವಿ ಒಬ್ಬರ ಕೈಯಲ್ಲಿ, ಪೈಪಿನ ತುದಿ ಇನ್ನೊಬ್ಬರ ಕೈಯಲ್ಲಿ.

ಬಾಗಿಲು ಒಂದಲ್ಲ

ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಓಡಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ಲಾನ್ ಒಂದು ಕಡೆ, ಅಗ್ನಿಶಾಮಕದವರ ಎನ್‌ಒಸಿ ಇನ್ನೊಂದು ಕಡೆ, ವಿಮಾನ ನಿಲ್ದಾಣ ಹತ್ತಿರವಿದ್ದರೆ ಎತ್ತರಕ್ಕೆ ಬೇರೆ ಅನುಮತಿ. ಕಡಲಲ್ಲೂ ಹಾಗೆಯೇ.

ಯಾವ ಬ್ಲಾಕ್, ಅಂದರೆ ಅನ್ವೇಷಣೆಗೆಂದು ಗುರುತಿಸಿದ ಕಡಲಿನ ತುಂಡು, ಯಾರಿಗೆ, ಅಲ್ಲಿಂದ ಎಷ್ಟು ತೆಗೆಯಬೇಕು ಎಂಬುದನ್ನು ನೋಡುವುದು ಪೆಟ್ರೋಲಿಯಂ ಸಚಿವಾಲಯದ ಕೆಳಗೆ 1993ರಲ್ಲಿ ಬಂದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ, ಅಂದರೆ ಡಿಜಿಎಚ್. ಕೆಲಸಗಾರರ ಮತ್ತು ಯಂತ್ರಗಳ ಸುರಕ್ಷತೆಯನ್ನು ನೋಡುವುದು ಅದೇ ಸಚಿವಾಲಯದ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ, ಒಐಎಸ್‌ಡಿ. ಅದರ ಕೈಗೆ ಕಾನೂನಿನ ಬಲ ಕೊಟ್ಟದ್ದು 2008ರ ಕಡಲ ಸುರಕ್ಷತಾ ನಿಯಮಗಳು. ಪರಿಸರ ಅನುಮತಿ ಪರಿಸರ ಸಚಿವಾಲಯದ್ದು. ಎಣ್ಣೆ ಚೆಲ್ಲಿದರೆ ಮುಂದಾಳತ್ವ ಕರಾವಳಿ ರಕ್ಷಣಾ ಪಡೆಯದ್ದು. ಕಡಲಲ್ಲಿ ಕಾಲೂರಿ ನಿಂತ ಉಕ್ಕಿನ ಅಟ್ಟಣೆಗಳ, ಅಂದರೆ ಪ್ಲಾಟ್‌ಫಾರ್ಮ್‌ಗಳ ಕಾವಲಿಗೆ ನೌಕಾಪಡೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೆಚ್ಚು ತೆಗೆಯಿರಿ ಎನ್ನುವ ಕಚೇರಿಯೂ ಸರಿಯಾಗಿ ತೆಗೆಯುತ್ತಿದ್ದೀರಾ ಎಂದು ಪರೀಕ್ಷಿಸುವ ಕಚೇರಿಯೂ ಒಂದೇ ಸಚಿವಾಲಯದ ಕೆಳಗಿವೆ. ಬ್ರಿಟನ್ನಿನಲ್ಲೂ ಹೀಗೆಯೇ ಇತ್ತು. 1988ರಲ್ಲಿ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ಸುಟ್ಟು 167 ಮಂದಿ ಸತ್ತ ಮೇಲೆ ಸುರಕ್ಷತೆಯನ್ನು ಇಂಧನ ಇಲಾಖೆಯಿಂದ ಕಿತ್ತು ಬೇರೆಯವರಿಗೆ ಕೊಟ್ಟರು. ಅಮೆರಿಕ ಕೂಡ 2010ರಲ್ಲಿ ಆಳಸಮುದ್ರದ ಬಾವಿ ಸಿಡಿದ ಡೀಪ್‌ವಾಟರ್ ಹೊರೈಜನ್ ರಿಗ್ ದುರಂತದ ನಂತರ ತನ್ನ ಒಂದೇ ಸಂಸ್ಥೆಯನ್ನು ಗುತ್ತಿಗೆಗೆ, ಸುರಕ್ಷತೆಗೆ, ಹಣ ವಸೂಲಿಗೆ ಎಂದು ಮೂರಾಗಿ ಒಡೆಯಿತು.

ಪರಿಸರ ಅನುಮತಿ ಹುಟ್ಟುವ ಬಗೆ

ಆಧಾರ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಕಡಲ ತೈಲ ಉತ್ಪಾದನೆ ಅದರಲ್ಲಿ 'ಎ' ವರ್ಗ, ಅಂದರೆ ದೆಹಲಿಯಲ್ಲೇ ತೀರ್ಮಾನ. ಮೊದಲು ಕಂಪನಿ ಅರ್ಜಿ ಹಾಕುತ್ತದೆ. ಏನೇನು ಅಧ್ಯಯನ ಮಾಡಬೇಕು ಎಂದು ತಜ್ಞರ ಸಮಿತಿ ಒಂದು ಪಟ್ಟಿ ಕೊಡುತ್ತದೆ. ಇದನ್ನು ಟಿಒಆರ್ ಎನ್ನುತ್ತಾರೆ. ಸಾರ್ವಜನಿಕ ಅಹವಾಲು ಸಭೆ ಬೇಕೋ ಬೇಡವೋ ಎಂಬುದೂ ಅದರಲ್ಲೇ ಬರೆದಿರುತ್ತದೆ. ಅದರಂತೆ ಕರಡು ವರದಿ ತಯಾರಾಗುತ್ತದೆ. ಸಭೆ ಬೇಕಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಮೇಲೆ ಅಂತಿಮ ವರದಿ, ಸಮಿತಿಯ ಪರಿಶೀಲನೆ, ಷರತ್ತುಗಳ ಸಹಿತ ಅನುಮತಿ ಪತ್ರ.

ಒಂದು ತಿರುವು ಬಹಳ ಜನರಿಗೆ ಗೊತ್ತಿಲ್ಲ. 2020ರ ಜನವರಿ 16ರ ತಿದ್ದುಪಡಿ 'ಅನ್ವೇಷಣೆ'ಯನ್ನು 'ಎ' ವರ್ಗದಿಂದ ತೆಗೆದು 'ಬಿ2'ಗೆ ಇಳಿಸಿತು. ಬಿ2 ಎಂದರೆ ಪೂರ್ಣ ಪರಿಣಾಮ ವರದಿಯೂ ಇಲ್ಲ, ಅಹವಾಲು ಸಭೆಯೂ ಇಲ್ಲ. ಎಣ್ಣೆ ಇದೆಯೇ ಎಂದು ನೋಡಲು ಕೊರೆಯುವ ಬಾವಿ ಅನ್ವೇಷಣೆಯ ಲೆಕ್ಕ. ಸಿಕ್ಕಿದ ಮೇಲೆ ತೆಗೆಯಲು ಕೊರೆಯುವುದು ಉತ್ಪಾದನೆಯ ಲೆಕ್ಕ. ಕೊರೆಯುವ ರಿಗ್ ಮಾತ್ರ ಎರಡಕ್ಕೂ ಒಂದೇ ಬಗೆಯದು. ನೆಲದಡಿಯ ಒತ್ತಡ ಎಷ್ಟಿದೆ ಎಂದು ಸರಿಯಾಗಿ ತಿಳಿಯದೆ ಕೊರೆಯುವುದು ಮೊದಲನೆಯದರಲ್ಲಿ ಎಂಬುದನ್ನೂ ಮರೆಯಬಾರದು.

ಕೊರೆಯುವಾಗ ಕಡಲಿಗೆ ಏನೇನು ಹೋಗುತ್ತದೆ?

ಮೊದಲು ಸದ್ದು. ಕಡಲ ತಳದ ಕೆಳಗೆ ಯಾವ ಕಲ್ಲಿದೆ ಎಂದು ತಿಳಿಯಲು ಸರ್ವೆ ಹಡಗು ಹಿಂದುಗಡೆ ಏರ್‌ಗನ್‌ಗಳನ್ನು ಎಳೆದುಕೊಂಡು ಹೋಗುತ್ತದೆ. ಬಿಗಿಹಿಡಿದ ಗಾಳಿಯನ್ನು 10–15 ಸೆಕೆಂಡಿಗೊಮ್ಮೆ ಒಮ್ಮೆಲೇ ಬಿಟ್ಟು, ತಳದಿಂದ ಬರುವ ಪ್ರತಿಧ್ವನಿಯನ್ನು ಹಲವು ಕಿಲೋಮೀಟರ್ ಉದ್ದದ ಕೇಬಲ್‌ನಲ್ಲಿ ಹಿಡಿಯುತ್ತಾರೆ. ಹಗಲು ರಾತ್ರಿ ಇದೇ. ವರದಿಗಳಲ್ಲಿ ಕಾಣುವ ಡೆಸಿಬಲ್ ಅಂಕಿಯನ್ನು ಗಣಪತಿ ಮೆರವಣಿಗೆಯ ಡೆಸಿಬಲ್ ಜೊತೆ ನೇರವಾಗಿ ಹೋಲಿಸಬೇಡಿ. ನೀರಿನ ಅಳತೆಯ ಬುಡವೇ ಬೇರೆ, ಗಾಳಿಯ ಅಂಕಿಗೆ ತರಲು ಸುಮಾರು 62 ಕಳೆಯಬೇಕು. ಕಳೆದ ಮೇಲೂ ಅದು ಜೋರಿನದೇ. 1990ರ ದಶಕದಲ್ಲಿ ನಾರ್ವೆಯ ಸಂಶೋಧಕರು ಬ್ಯಾರೆಂಟ್ಸ್ ಸಮುದ್ರದಲ್ಲಿ ಸರ್ವೆ ನಡೆಸುತ್ತಲೇ ಮೀನು ಹಿಡಿದು ನೋಡಿದಾಗ ಕಾಡ್ ಮೀನಿನ ಹಿಡುವಳಿ ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಪರಿಣಾಮ 33 ಕಿಲೋಮೀಟರ್ ಆಚೆಗೂ ಕಂಡಿತು, ಸದ್ದು ನಿಂತ ಐದು ದಿನದ ಮೇಲೂ ಮೀನು ಪೂರ್ತಿ ಮರಳಿರಲಿಲ್ಲ. ಇದಕ್ಕೆ ಪರಿಹಾರವಾಗಿ ಹಲವು ದೇಶಗಳಲ್ಲಿ 'ಮೆಲ್ಲನೆ ಶುರು' ಮಾಡುವ ಕ್ರಮವಿದೆ. ಬ್ರಿಟನ್ನಿನಲ್ಲಿ ಕನಿಷ್ಠ 30 ನಿಮಿಷ ಕಡಲನ್ನು ನೋಡಿ, 500 ಮೀಟರ್ ಒಳಗೆ ತಿಮಿಂಗಿಲ, ಡಾಲ್ಫಿನ್ ಇಲ್ಲವೆಂದು ಖಚಿತಪಡಿಸಿಕೊಂಡು, 20 ನಿಮಿಷಕ್ಕೂ ಹೆಚ್ಚು ಕಾಲ ಸದ್ದನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಹಗಲಿನಲ್ಲಿ ಇದು ಸರಿ. ರಾತ್ರಿಯಲ್ಲಿ, ಮಳೆಗಾಲದ ಅಲೆಯಲ್ಲಿ ಕಣ್ಣಿಗೆ ಏನು ಕಂಡೀತು?

ಮುಂದೆ ಕೊರೆತ. ಊರಲ್ಲಿ ಬೋರ್‌ವೆಲ್ ಕೊರೆಯುವುದನ್ನು ನೋಡಿದ್ದೀರಿ; ಕಂಪ್ರೆಸರ್ ಗಾಳಿ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುತ್ತದೆ. ತೈಲಬಾವಿಯಲ್ಲಿ ಆ ಕೆಲಸ 'ಮಡ್' ಎಂಬ ದಪ್ಪನೆಯ ದ್ರವದ್ದು. ಬೆಂಟೊನೈಟ್ ಜೇಡಿ, ಬೇರೈಟ್ ಎಂಬ ಭಾರದ ಖನಿಜ, ನೀರು, ಒಂದಿಷ್ಟು ರಾಸಾಯನಿಕ ಸೇರಿದರೆ ಮಡ್. ಕಲ್ಲಿನ ಪುಡಿ ಎತ್ತುವುದು ಅದರ ಚಿಕ್ಕ ಕೆಲಸ. ದೊಡ್ಡ ಕೆಲಸವೆಂದರೆ ತನ್ನ ತೂಕದಿಂದ ಕೆಳಗಿನ ಅನಿಲವನ್ನು ಅದುಮಿ ಹಿಡಿಯುವುದು. ಹಗುರವಾದರೆ ಅನಿಲ ಬಾವಿಯೊಳಗೆ ನುಗ್ಗುತ್ತದೆ. ಭಾರ ಹೆಚ್ಚಾದರೆ ಕಲ್ಲೇ ಬಿರಿದು ಮಡ್ ಅದರೊಳಗೆ ಇಳಿದುಹೋಗುತ್ತದೆ, ಬಾವಿಯಲ್ಲಿ ಮಟ್ಟ ಕುಸಿಯುತ್ತದೆ, ಮತ್ತೆ ಅನಿಲ ನುಗ್ಗುತ್ತದೆ. ಅನಿಲ ಕೈಮೀರಿದರೆ ಕೊನೆಯ ಕಾವಲು ಬಿಒಪಿ. ಒಂದರ ಮೇಲೊಂದು ಕೂರಿಸಿದ ದೈತ್ಯ ಕವಾಟಗಳ ಸಾಲು. ಅದರಲ್ಲೊಂದು ಬೇಕಾದರೆ ಒಳಗಿನ ಉಕ್ಕಿನ ಪೈಪನ್ನೇ ಕತ್ತರಿಸಿ ಬಾವಿಯ ಬಾಯಿ ಮುಚ್ಚುತ್ತದೆ. ಮುಂಬೈ ಹೈನಲ್ಲಿ ನೀರು 75–80 ಮೀಟರ್ ಆಳದ್ದು. ತಳಕ್ಕೆ ಕಾಲೂರಿ ನಿಲ್ಲುವ ಜಾಕ್‌ಅಪ್ ರಿಗ್ ಸಾಕು, ಬಿಒಪಿ ಕೈಗೆಟುಕುವಂತೆ ನೀರಿನ ಮೇಲೆಯೇ ಇರುತ್ತದೆ. ಆಳಸಮುದ್ರದಲ್ಲಿ ಅದು ತಳದಲ್ಲಿ ಕೂರುತ್ತದೆ. ಡೀಪ್‌ವಾಟರ್ ಹೊರೈಜನ್ ಬಾವಿ ಸುಮಾರು 1,500 ಮೀಟರ್ ನೀರಿನಡಿ ಇತ್ತು, ಅದನ್ನು ಮುಚ್ಚಲು 87 ದಿನ ಹಿಡಿಯಿತು. ಹೊಸ ಮಿಷನ್ನಿನ ಚರ್ಚೆಯಲ್ಲಿ 'ಆಳ' ಎಂಬ ಪದದ ಭಾರ ಇದು.

ಮೇಲೆ ಬಂದ ಕಲ್ಲಿನ ಪುಡಿಯನ್ನು ಜರಡಿ ಹಿಡಿದು, ತೊಳೆದು ಕಡಲಿಗೆ ಬಿಡುತ್ತಾರೆ. 2005ರ ಆಗಸ್ಟ್‌ನ ನಿಯಮದಂತೆ ಒಂದು ಕಿಲೋ ಪುಡಿಯಲ್ಲಿ ಎಣ್ಣೆ 10 ಗ್ರಾಂ ಮೀರಬಾರದು, ಬಿಡುವ ಜಾಗ ದಡದಿಂದ ಕನಿಷ್ಠ 5 ಕಿಲೋಮೀಟರ್ ದೂರವಿರಬೇಕು, ಬೇರೈಟ್‌ನಲ್ಲಿ ಪಾದರಸ ಕಿಲೋಗೆ 1 ಮಿಲಿಗ್ರಾಂ, ಕ್ಯಾಡ್ಮಿಯಂ 3 ಮಿಲಿಗ್ರಾಂ ದಾಟಬಾರದು. ಮಡ್‌ನ ವಿಷತ್ವಕ್ಕೂ ಒಂದು ಪರೀಕ್ಷೆ ಇದೆ. ಲೀಟರಿಗೆ 30,000 ಮಿಲಿಗ್ರಾಂ ಮಡ್ ಬೆರೆಸಿದ ನೀರಿನಲ್ಲಿ 96 ಗಂಟೆ ಇಟ್ಟರೂ ಪರೀಕ್ಷೆಯ ಜೀವಿಗಳಲ್ಲಿ ಅರ್ಧದಷ್ಟು ಸಾಯಬಾರದು. ಇದು ಹೇಳುವುದು ನಾಲ್ಕು ದಿನದ ಸಾವಿನ ಬಗ್ಗೆ ಮಾತ್ರ. ಮೊಟ್ಟೆ ಇಡುವುದು ಕಡಿಮೆಯಾಯಿತೇ ಎಂಬುದು ಈ ಪರೀಕ್ಷೆಯಲ್ಲಿ ತಿಳಿಯದು.

ಇನ್ನು ಉತ್ಪಾದನೆಯ ನೀರು. ಬಾವಿ ಹಳೆಯದಾದಂತೆ ಎಣ್ಣೆಗಿಂತ ನೀರೇ ಹೆಚ್ಚು ಬರುತ್ತದೆ. ಅದನ್ನು ಬೇರ್ಪಡಿಸಿ ಕಡಲಿಗೆ ಬಿಡುವಾಗ ಎಣ್ಣೆಯಂಶ 95 ಶೇಕಡಾ ಮಾಪನಗಳಲ್ಲಿ ಲೀಟರಿಗೆ 40 ಮಿಲಿಗ್ರಾಂ ಮೀರಬಾರದು, ಯಾವತ್ತೂ 100 ದಾಟಬಾರದು. ಸೊಸೈಟಿಯ ಸಾವಿರ ಲೀಟರ್ ಟ್ಯಾಂಕಿಗೆ ಒಗ್ಗರಣೆಯ ಎಣ್ಣೆ ಮೂರು ದೊಡ್ಡ ಚಮಚ ಬೆರೆಸಿದಷ್ಟು. ಬೇರೆ ನೀರು ಬೆರೆಸಿ ಅಂಕಿ ಇಳಿಸುವಂತಿಲ್ಲ ಎಂದೂ ನಿಯಮವಿದೆ. ಆದರೆ ಮಿತಿ ಇರುವುದು ಲೀಟರಿನ ಲೆಕ್ಕದಲ್ಲಿ, ಒಟ್ಟು ಲೆಕ್ಕದಲ್ಲಲ್ಲ. ನೀರು ಎರಡರಷ್ಟಾದರೆ ಕಡಲಿಗೆ ಹೋಗುವ ಎಣ್ಣೆಯೂ ಎರಡರಷ್ಟು, ನಿಯಮ ಮಾತ್ರ ಮುರಿದಿರುವುದಿಲ್ಲ. ಇಳುವರಿ ಹೆಚ್ಚಿಸುವ ಯೋಜನೆಯ ವರದಿಯಲ್ಲಿ ದಿನಕ್ಕೆ ಎಷ್ಟು ಘನ ಮೀಟರ್ ನೀರು ಎಂಬ ಅಂಕಿಯನ್ನು ಹುಡುಕಿ, 40ರಿಂದ ಗುಣಿಸಿ ನೋಡಿ. ಉತ್ತರ ಗ್ರಾಂನಲ್ಲಿ ಸಿಗುತ್ತದೆ.

ತಕ್ಕಡಿಯ ಒಂದು ತಟ್ಟೆ: 'ಮೊದಲು ಹೇಗಿತ್ತು?'

ಪಕ್ಕದ ಕಟ್ಟಡ ಕೆಡವಲು ಶುರು ಮಾಡುವ ಮೊದಲು ಜಾಣರು ತಮ್ಮ ಗೋಡೆಯ ಬಿರುಕುಗಳ ಫೋಟೋ ತೆಗೆದಿಡುತ್ತಾರೆ. ಇಲ್ಲದಿದ್ದರೆ ಬಿರುಕು ಹಳೆಯದೋ ಹೊಸದೋ ಎಂಬ ಜಗಳ ಮುಗಿಯುವುದಿಲ್ಲ. ಪರಿಣಾಮ ವರದಿಯಲ್ಲಿ ಈ ಫೋಟೋಗೆ ಬೇಸ್‌ಲೈನ್ ಎಂದು ಹೆಸರು: ಯೋಜನೆಗೆ ಮೊದಲು ನೀರು, ತಳದ ಕೆಸರು, ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮ ಜೀವಿಗಳು, ಮೀನು ಹೇಗಿದ್ದವು ಎಂಬ ದಾಖಲೆ. ಉಳಿದೆಲ್ಲ ಲೆಕ್ಕ ನಿಲ್ಲುವುದು ಇದರ ಮೇಲೆ.

ಸಾಮಾನ್ಯವಾಗಿ ಬೇಸ್‌ಲೈನ್ ಒಂದು ಋತುವಿನದು, ಅದೂ ಮಳೆಗಾಲ ಬಿಟ್ಟು. ಕಾರಣ ಸರಳ, ಜೂನ್‌ನ ಅಲೆಯಲ್ಲಿ ಹೋಗಿ ಮಾದರಿ ತೆಗೆಯುವುದು ಕಷ್ಟ, ದುಬಾರಿ, ಅಪಾಯ. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದೇಕೆ? ಅನೇಕ ಮೀನುಗಳು ಮೊಟ್ಟೆ ಇಡುವ ಕಾಲ ಅದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾದರಿ ತೆಗೆದ ವರದಿಯಲ್ಲಿ ಮೊಟ್ಟೆ, ಮರಿಗಳ ಸಂಖ್ಯೆ ಕಡಿಮೆ ಎಂದು ಬಂದರೆ ಅದರಿಂದ ಜೂನ್‌ನ ಬಗ್ಗೆ ಏನೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ, ಕಡಲ ವರದಿಯಲ್ಲಿ ಮೊದಲು ನೋಡಬೇಕಾದ್ದು ಸಾರಾಂಶವಲ್ಲ, ಮಾದರಿ ತೆಗೆದ ತಾರೀಕುಗಳ ಕೋಷ್ಟಕ.

ಎಣ್ಣೆ ಚೆಲ್ಲಿದರೆ ಎತ್ತ ಸಾಗುತ್ತದೆ ಎಂಬ ಕಂಪ್ಯೂಟರ್ ಲೆಕ್ಕಕ್ಕೂ ಇದೇ ಮಾತು. ತೇಲುವ ಎಣ್ಣೆ ನೀರಿನ ಸೆಳೆತದ ಜೊತೆಗೆ ಗಾಳಿಯ ವೇಗದ ಸುಮಾರು 3 ಶೇಕಡಾ ವೇಗದಲ್ಲಿ ಸರಿಯುತ್ತದೆ. ಗಂಟೆಗೆ 37 ಕಿಲೋಮೀಟರ್ ವೇಗದ ಪಡುವಣ ಗಾಳಿ ಬಿಡದೆ ಬೀಸಿದರೆ, ಸೆಳೆತವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ, 160 ಕಿಲೋಮೀಟರ್ ದಾಟಲು ಆರು ದಿನ ಸಾಕು. ಚಳಿಗಾಲದಲ್ಲಿ ದಡದಿಂದ ಬೀಸುವ ಗಾಳಿ ಅದೇ ಎಣ್ಣೆಯನ್ನು ಆಚೆಗೆ ಒಯ್ಯಬಹುದು. ಎರಡೂ ಋತುಗಳಿಗೆ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳುವುದು ಇದಕ್ಕೇ. ಗೋವಾದ ಮರಳಿಗೂ ಜುಹುವಿಗೂ ಡಾಂಬರಿನ ಉಂಡೆಗಳು ಬಂದು ಬೀಳುವುದು ಮಳೆಗಾಲದ ಆಸುಪಾಸಿನಲ್ಲೇ ಎಂಬುದನ್ನು ಅಲ್ಲಿ ನಡೆದವರ ಚಪ್ಪಲಿ ಹೇಳುತ್ತದೆ.

ಇನ್ನೊಂದು ತಟ್ಟೆ: ತೂಗುವಾಗ ಆಗುವ ಎಡವಟ್ಟು

ವರದಿಯ ಕೊನೆಯಲ್ಲಿ ಬಣ್ಣಬಣ್ಣದ ಕೋಷ್ಟಕ ಇರುತ್ತದೆ. ಪ್ರತಿ ಪರಿಣಾಮಕ್ಕೂ 'ಆಗುವ ಸಾಧ್ಯತೆ'ಗೆ ಒಂದು ಅಂಕ, 'ಆದರೆ ಹಾನಿ'ಗೆ ಒಂದು ಅಂಕ, ಎರಡರ ಗುಣಲಬ್ಧಕ್ಕೆ ಬಣ್ಣ. ದಿನವೂ ಆಗುವ ಸಣ್ಣ ತೊಂದರೆಗೆ 5 ಗುಣಿಸು 1, ಎಂದೋ ಆಗುವ ಮಹಾ ದುರಂತಕ್ಕೆ 1 ಗುಣಿಸು 5. ಎರಡೂ 5, ಎರಡೂ ಒಂದೇ ಹಳದಿ. ಜನರೇಟರ್ ಸದ್ದೂ ಬಾವಿ ಸಿಡಿಯುವುದೂ ಒಂದೇ ಬಣ್ಣದಲ್ಲಿ ಕೂತಿರುತ್ತವೆ. ಅದಕ್ಕೇ ದುರಂತಗಳಿಗೆ ಬೇರೆ ಅಪಾಯ ವಿಶ್ಲೇಷಣೆ ಬೇಕು.

ಎರಡನೆಯ ಎಡವಟ್ಟು ಒಂದೊಂದನ್ನೇ ಬಿಡಿಬಿಡಿಯಾಗಿ ತೂಗುವುದು. ಕಟ್ಟಡದಲ್ಲಿ ಒಬ್ಬರು ನಲ್ಲಿಗೆ ಮೋಟರ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹತ್ತು ಮನೆಯವರು ಹಾಕಿದರೆ ಮೇಲಿನ ಮಹಡಿಗೆ ನೀರಿಲ್ಲ. ಪ್ರತಿಯೊಬ್ಬರ ಅರ್ಜಿಯಲ್ಲೂ 'ಪರಿಣಾಮ ಅತ್ಯಲ್ಪ' ಎಂದೇ ಇರುತ್ತದೆ, ಅದು ಸುಳ್ಳೂ ಅಲ್ಲ. ಪ್ಲಾಟ್‌ಫಾರ್ಮ್ ಸುತ್ತ 500 ಮೀಟರ್ ಸುರಕ್ಷತಾ ವಲಯ ಇರುತ್ತದೆ. ಮೀನುಗಾರಿಕೆ ಬೋಟು ಒಳಗೆ ಬರುವಂತಿಲ್ಲ. ಲೆಕ್ಕಕ್ಕೆ ಅದು 0.785 ಚದರ ಕಿಲೋಮೀಟರ್. ಆದರೆ ಟ್ರಾಲ್ ಬಲೆ ಎಳೆಯುವ ಬೋಟು ಆಟೋರಿಕ್ಷಾದಂತೆ ಗಕ್ಕನೆ ತಿರುಗದು. ನಾಲ್ಕಾರು ಪ್ಲಾಟ್‌ಫಾರ್ಮ್‌ಗಳ ನಡುವಿನ ನೀರು ಕಾಗದದಲ್ಲಿ ತೆರೆದಿದ್ದರೂ ಬಲೆಗೆ ಮುಚ್ಚಿದ ಹಾಗೆಯೇ. ಪ್ಲಾಟ್‌ಫಾರ್ಮ್‌ನ ಕಾಲುಗಳಿಗೆ ಪಾಚಿ, ಚಿಪ್ಪು ಹತ್ತಿ ಅಲ್ಲಿ ಮೀನು ಸೇರುವುದು ಇನ್ನೊಂದು ಸಂಕಟ. ಬೋಟು ನಡೆಸುವ ತಾಂಡೇಲನಿಗೆ ಆ ಕಡೆಗೇ ಸೆಳೆತ.

ಒಂದು ಬೆರಳಿನ ಗಾಯ

2005ರ ಜುಲೈ 26 ಎಂದರೆ ಸಾಂತಾಕ್ರೂಜ್‌ನ 944 ಮಿಲಿಮೀಟರ್ ಮಳೆ ಎಲ್ಲರಿಗೂ ನೆನಪು. ಮರುದಿನದ್ದು ಅಷ್ಟು ನೆನಪಿಲ್ಲ. ಜುಲೈ 27ರಂದು ಮುಂಬೈ ಹೈ ಉತ್ತರ ಕ್ಷೇತ್ರದಲ್ಲಿ 'ಸಮುದ್ರ ಸುರಕ್ಷಾ' ಎಂಬ ಸಹಾಯಕ ಹಡಗಿನ ಅಡುಗೆಯವರೊಬ್ಬರ ಬೆರಳಿಗೆ ಗಾಯವಾಯಿತು. ಹೆಲಿಕಾಪ್ಟರ್ ಹಾರುವ ಹವೆಯಲ್ಲ. ಕ್ರೇನಿನ ಬುಟ್ಟಿಯಲ್ಲಿ ಅವರನ್ನು ಪ್ಲಾಟ್‌ಫಾರ್ಮ್‌ಗೆ ಎತ್ತಲು ಹಡಗು ಹತ್ತಿರ ಬಂತು, ಅಲೆಯ ಹೊಡೆತಕ್ಕೆ ಅದರ ಹೆಲಿಡೆಕ್ ಪ್ಲಾಟ್‌ಫಾರ್ಮ್‌ನ ರೈಸರ್‌ಗೆ ಬಡಿಯಿತು. ರೈಸರ್ ಎಂದರೆ ಕಡಲ ತಳದಿಂದ ಮೇಲೇರುವ ಪೈಪು. ಅನಿಲ ಸೋರಿ ಬೆಂಕಿ ಹೊತ್ತಿಕೊಂಡಿತು, ಸುಮಾರು ಎರಡು ಗಂಟೆಯಲ್ಲಿ ಇಡೀ ಪ್ಲಾಟ್‌ಫಾರ್ಮ್ ಇಲ್ಲವಾಯಿತು. 384 ಜನರಲ್ಲಿ 362 ಮಂದಿಯನ್ನು ಉಳಿಸಿದರು, 22 ಮಂದಿ ಮರಳಲಿಲ್ಲ.

ರೈಸರ್ ಒಡೆದರೆ ಪ್ಲಾಟ್‌ಫಾರ್ಮ್ ಮೇಲಿನ ಕವಾಟ ಮುಚ್ಚಿ ಪ್ರಯೋಜನವಿಲ್ಲ. ಕವಾಟದ ಕೆಳಗೆ ಒಡೆದಿದ್ದರೆ ಕಿಲೋಮೀಟರ್‌ಗಟ್ಟಲೆ ಪೈಪಿನಲ್ಲಿರುವ ಅನಿಲವೆಲ್ಲ ಅದೇ ತೂತಿನಿಂದ ಬರುತ್ತದೆ. ಆದ್ದರಿಂದ ವರದಿಯಲ್ಲಿ ಕೇಳಬೇಕಾದ್ದು: ರೈಸರ್‌ಗಳು ಕಾಲುಗಳ ಒಳಗಿವೆಯೋ ಹೊರಗಿವೆಯೋ, ಹಡಗು ಯಾವ ಬದಿಯಿಂದ ಬರುತ್ತದೆ, ಯಾವ ಅಲೆಯ ಎತ್ತರಕ್ಕೆ ಕೆಲಸ ನಿಲ್ಲಿಸುತ್ತಾರೆ. ಕೊನೆಯ ಪ್ರಶ್ನೆಯ ಬೆಲೆ 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಮತ್ತೆ ತಿಳಿಯಿತು. ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಪಿ-305 ಎಂಬ ಬಾರ್ಜ್ (ಚಪ್ಪಟೆ ತಳದ ನೌಕೆ) ಮುಳುಗಿದಾಗ ಅದರಲ್ಲಿದ್ದ 261 ಮಂದಿಯಲ್ಲಿ 186 ಜನ ಬದುಕಿದರು.

ಎಣ್ಣೆ ಚೆಲ್ಲಿದರೆ 700 ಟನ್‌ವರೆಗಿನದನ್ನು ಆ ಜಾಗ ನಡೆಸುವವರೇ ನಿಭಾಯಿಸಬೇಕು, ಅದಕ್ಕೆ ಮೇಲಾದರೆ ಕರಾವಳಿ ರಕ್ಷಣಾ ಪಡೆ ಇಳಿಯುತ್ತದೆ. ಎಣ್ಣೆ ಒಡೆಯುವ ರಾಸಾಯನಿಕ ಸಿಂಪಡಿಸಿದರೆ ಎಣ್ಣೆ ಮಾಯವಾಗುವುದಿಲ್ಲ. ಹನಿಹನಿಯಾಗಿ ನೀರಿನೊಳಗೆ ಇಳಿಯುತ್ತದೆ. ದಡ ಉಳಿಯುತ್ತದೆ, ಮೀನಿನ ಮರಿಗಳಿಗೆ ಹೊರೆಯಾಗುತ್ತದೆ.

ಗಾಳಿ ಗಿರಣಿ ಮತ್ತು ಹಳೆಯ ಕಬ್ಬಿಣ

ಕಡಲ ಪವನ ವಿದ್ಯುತ್ತಿಗೆ ಕೇಂದ್ರ 2024ರ ಜೂನ್‌ನಲ್ಲಿ 7,453 ಕೋಟಿ ರೂಪಾಯಿ ನೆರವು ಒಪ್ಪಿತು. ಗುಜರಾತ್, ತಮಿಳುನಾಡು ಕಡಲಲ್ಲಿ ತಲಾ 500 ಮೆಗಾವ್ಯಾಟ್. ವಿಚಿತ್ರವೆಂದರೆ 2006ರ ಪರಿಸರ ಅನುಮತಿಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ನೆಲದ ಮೇಲಿನ ಗಿರಣಿಗೆ ಅದು ನಡೆದೀತು. ಕಡಲಲ್ಲಿ ಕಂಬ ಬಡಿಯುವ ಸದ್ದು ಏರ್‌ಗನ್ನಿಗೆ ತಮ್ಮನಂತಹದು. ಜರ್ಮನಿಯಲ್ಲಿ 750 ಮೀಟರ್ ದೂರದಲ್ಲಿ 160 ಡೆಸಿಬಲ್ ಮಿತಿ ಹಾಕಿ, ಕಂಬದ ಸುತ್ತ ಗಾಳಿಗುಳ್ಳೆಗಳ ಪರದೆ ಎಬ್ಬಿಸುತ್ತಾರೆ.

ಬಾವಿ ಬತ್ತಿದ ಮೇಲಿನದು ಬೇರೆ ಕಥೆ. ಬಾವಿಗೆ ಸಿಮೆಂಟ್ ಮುಚ್ಚಳ ಹಾಕಿ, ಕಬ್ಬಿಣ ಕತ್ತರಿಸಿ ತರಬೇಕು. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 1989ರ ಮಾರ್ಗಸೂಚಿಯಂತೆ 75 ಮೀಟರಿಗಿಂತ ಕಡಿಮೆ ನೀರಿನಲ್ಲಿರುವ, 4,000 ಟನ್ನಿಗಿಂತ ಹಗುರದ ರಚನೆಯನ್ನು ಪೂರ್ತಿ ತೆಗೆಯಬೇಕು. ಅರ್ಧ ಬಿಟ್ಟರೆ ಅದರ ಮೇಲೆ 55 ಮೀಟರ್ ತೆರವು ನೀರು ಇರಬೇಕು. 55 ಮೀಟರ್ ಹಡಗಿಗೆ ಸಾಕು. ತಳ ಗುಡಿಸುವ ಟ್ರಾಲ್ ಬಲೆಗೆ ಬಿಟ್ಟುಹೋದ ಒಂದು ಮೊಂಡು ಕಾಲೂ ಹೆಚ್ಚೇ.

ಕಡತ ಎಲ್ಲಿ ಸಿಗುತ್ತದೆ?

ಪರಿಸರ ಸಚಿವಾಲಯದ 'ಪರಿವೇಶ್' ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಟಿಒಆರ್, ವರದಿ, ಸಮಿತಿಯ ನಡಾವಳಿ, ಅನುಮತಿ ಪತ್ರ ಸಿಗುತ್ತವೆ. ಓದುವ ಕ್ರಮ ಹಿಂದುಮುಂದಾಗಿರಲಿ: ಮೊದಲು ನಡಾವಳಿ, ಏಕೆಂದರೆ ಸಮಿತಿ ಎಲ್ಲಿ ಸಂಶಯಪಟ್ಟಿತು ಎಂಬುದು ಅಲ್ಲಿದೆ, ಆಮೇಲೆ ಮಾದರಿ ತೆಗೆದ ತಾರೀಕು, ಆಮೇಲೆ ಷರತ್ತುಗಳು. ವರದಿಯ ಸಾರಾಂಶ ಮರಾಠಿಯಲ್ಲೂ ಇರಬೇಕು. ಅಹವಾಲು ಸಭೆಗೆ ಹೋಗಲಾಗದವರು ಬರೆದು ಕಳಿಸಬಹುದು. ಬರೆದದ್ದಕ್ಕೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು. 'ಮೀನು ಕಡಿಮೆಯಾಗುತ್ತದೆ' ಎಂದು ಬರೆದರೆ ಉತ್ತರ ಒಂದು ಸಾಲಿನದು. ಯಾವ ತಿಂಗಳು, ಎಷ್ಟು ಆಳದಲ್ಲಿ, ಯಾವ ಬಲೆಗೆ ಮಾಂಜಿ ಮೀನು (ಪಾಂಫ್ರೆಟ್) ಬೀಳುತ್ತಿತ್ತು ಎಂದು ಬರೆದರೆ ಅದಕ್ಕೆ ಅಂಕಿಯಲ್ಲೇ ಉತ್ತರ ಕೊಡಬೇಕಾಗುತ್ತದೆ.

ಅನುಮತಿಯನ್ನು ಪ್ರಶ್ನಿಸುವುದಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ಪಶ್ಚಿಮ ಪೀಠ ಇರುವುದು ಪುಣೆಯಲ್ಲಿ. ಪರಿಸರ ಸಂರಕ್ಷಣಾ ಕಾಯ್ದೆ ಉಲ್ಲಂಘಿಸಿದರೆ ಹಿಂದೆ ಜೈಲು ಶಿಕ್ಷೆ ಇತ್ತು. 2024ರ ಏಪ್ರಿಲ್‌ನಿಂದ ಅದರ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ.

ಅನುಮತಿ ಸಿಕ್ಕ ಮೇಲೂ ಕಂಪನಿ ವರ್ಷಕ್ಕೆರಡು ಬಾರಿ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತುಗಳನ್ನು ಪಾಲಿಸಿದ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ. ಜೂನ್ 1ಕ್ಕೆ ಬೋಟುಗಳೂ ದಡ ಸೇರಿರುತ್ತವೆ. ಓದಲು ಎರಡು ತಿಂಗಳು ಬಿಡುವು.